ಅಜ್ಜಿಯ ದನಿ ಮತ್ತು ಒಂದು ಕಾರ್ಡು

ಮೊನ್ನೆ ತೆಲಿಗಿಗೆ ಹೋದಾಗ ನೋಡಿದರೆ, ಮನೆಯ ಹಳೇ ಕಂಪ್ಯೂಟರ್‌ನಲ್ಲಿ ಎರಡನೇ ಹಾರ್ಡ್‌ಡಿಸ್ಕೇ ಕಾಣಿಸುತ್ತಿಲ್ಲ! ಅಜ್ಜಿ ಹಾಡಿದ ಸೋಬಾನೆ ಪದಗಳೆಲ್ಲ ಅದರಲ್ಲೇ. ಬೇರೆ ಕಾಪಿ ಇಲ್ಲ. ಅಜ್ಜಿಯೂ ಇಲ್ಲ...

ಕೇಬಲ್ ಬದಲಿಸಿದೆ, ಆಗಲಿಲ್ಲ. ಮದರ್‌ಬೋರ್ಡಿನ ಸಾಟಾ ಪೋರ್ಟೇ ಕೈಕೊಟ್ಟಿರಬೇಕು ಅಂತ ಎರಡು ಪೋರ್ಟಿನ ಕಂಟ್ರೋಲರ್ ಕಾರ್ಡ್ ತರಿಸಿದೆ. ಎಎಸ್‌ಎಂ1061 ಚಿಪ್‌ನದು. ಲಿನಕ್ಸ್‌ನಲ್ಲಿ ಇದಕ್ಕೆ ಬೇರೆ ಡ್ರೈವರ್ ಬೇಡ, ಕರ್ನಲ್‌ನಲ್ಲಿರುವ ಎಎಚ್‌ಸಿಐ ಡ್ರೈವರೇ ಸಾಕು.

ಪ್ಲಗ್ ಕಿತ್ತು, ಮೈಮೇಲಿನ ಸ್ಟ್ಯಾಟಿಕ್ ಹೋಗಲೆಂದು ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಕಾರ್ಡನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒತ್ತಿದೆ. ಆನ್ ಮಾಡಿದರೆ ಏನೂ ಇಲ್ಲ. ಎದೆ ಧಸಕ್ಕೆಂದಿತು. ಬಗ್ಗಿ ನೋಡಿದೆ. ಸ್ಕ್ರೂ ಬಿಗಿಯುವಾಗ ಕಾರ್ಡಿನ ಒಂದು ತುದಿ ತುಸು ಮೇಲೆದ್ದಿತ್ತು, ಅಷ್ಟೇ!

ಮತ್ತೆ ಸರಿಯಾಗಿ ಕೂರಿಸಿದೆ. ಡಿಸ್ಕ್ ಬಂತು. ಅದಕ್ಕೇನೂ ಬರೆಯದಂತೆ ರೀಡ್-ಓನ್ಲಿ ಮೌಂಟ್ ಮಾಡಿ, ಮೊದಲು ಎರಡು ಕಡೆ ಕಾಪಿ ಇಟ್ಟೆ.

"ಅವ್ವನ ಪದ ಅದಾವೇನಪಾ?" ಬಾಗಿಲಲ್ಲೇ ನಿಂತಿದ್ದ ಅಪ್ಪ ಕೇಳಿದರು.

ಉತ್ತರ ಹೇಳಲಿಲ್ಲ, ಹಾಡು ಹಚ್ಚಿದೆ. ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಭಾಷಣ ಬಿಗಿಯುವವನು ನಾನೇ :( ನಿಮ್ಮನೆಯ ದನಿಗಳಿಗೂ ಇವತ್ತೇ ಒಂದು ಕಾಪಿ ಮಾಡಿಟ್ಟುಬಿಡಿ.