ಊರು ಎಷ್ಟು ತಾಸು ದೂರ?

ಬೆಂಗಳೂರಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಮೊಬೈಲಿಗೆ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ: ಹೆಚ್ಚೆಂದರೆ ಒಂದೂಕಾಲು ತಾಸು. ಅಮರಗೋಳಕ್ಕೆ ಹೋದಾಗ ಓಣಿಯ ಕಾಕಾಗಳೂ ಇದನ್ನೇ ಹೇಳುತ್ತಾರೆ: "ನಿನಗೇನಪಾ, ಒಂದ್ ತಾಸಿನ್ಯಾಗ ಹಾರಿ ಬರ್ತಿ!"

ಸಾಫ್ಟ್‌ವೇರ್ ಕೆಲಸದವನಲ್ಲವೇ, ಸುಮ್ಮನಿರಲಾಗಲಿಲ್ಲ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿ ನಾಲ್ಕು ಸಾಲು ಕೋಡ್ ಬರೆದೆ. ನೇರ ಗೆರೆಯಲ್ಲಿ ಸುಮಾರು 370 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಇದು ಮುಕ್ಕಾಲು ತಾಸಿನ ದಾರಿ. ಮಿಕ್ಕ ಹೊತ್ತು ರನ್‌ವೇಗೆ ಹೋಗುವುದು, ಏರುವುದು, ಇಳಿಯಲು ಸರದಿ ಕಾಯುವುದು.

ಆದರೆ ನಾನು ವಿಮಾನ ನಿಲ್ದಾಣದಲ್ಲಿ ವಾಸವಾಗಿಲ್ಲವಲ್ಲ! ಬನಶಂಕರಿಯ ಬಾಡಿಗೆ ಮನೆಯಿಂದ ದೇವನಹಳ್ಳಿ ಕಡೆಗೆ ಟ್ರಾಫಿಕ್‌ನಲ್ಲಿ ಎರಡು ತಾಸು. ಚೆಕ್-ಇನ್, ತಪಾಸಣೆಗೆ ಒಂದೂವರೆ. ಹಾರಾಟ ಒಂದೂಕಾಲು. ಗೋಕುಲ ರೋಡಿನಲ್ಲಿ ಇಳಿದು, ಬ್ಯಾಗ್ ತೊಗೊಂಡು ಮನೆ ಮುಟ್ಟಲು ಮುಕ್ಕಾಲು ತಾಸು. ಕೂಡಿಸಿದರೆ ಐದೂವರೆ. 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ರೈಲು ಧಾರವಾಡ ಮುಟ್ಟಲು ಸುಮಾರು ಆರೂವರೆ ತಾಸು ತೊಗೊಳ್ಳುತ್ತದೆ. ಆಕಾಶಕ್ಕೂ ಹಳಿಗೂ ಇರುವ ಅಂತರ ಇಷ್ಟೇ.

ಲಂಡನ್–ಪ್ಯಾರಿಸ್ ನಡುವೆಯೂ ಹೆಚ್ಚುಕಡಿಮೆ ಇಷ್ಟೇ ದೂರ, ನೇರ ಗೆರೆಯಲ್ಲಿ ಸುಮಾರು 340 ಕಿ.ಮೀ. ಅಲ್ಲೂ ವಿಮಾನಕ್ಕೆ ಒಂದೂಕಾಲು ತಾಸು. ಆದರೂ ಬಹಳ ಜನ ಸಮುದ್ರದಡಿಯ ಸುರಂಗದಲ್ಲಿ ಓಡುವ ಯೂರೋಸ್ಟಾರ್ ರೈಲನ್ನೇ ಹತ್ತುತ್ತಾರೆ. ಅದು ಊರ ನಡುವಿಂದ ಹೊರಟು ಎರಡೂವರೆ ತಾಸಿನೊಳಗೆ ಊರ ನಡುವೆಯೇ ಇಳಿಸುತ್ತದೆ.

ಈ ಲೆಕ್ಕ ನನಗೆ ಬರೀ ಲೆಕ್ಕವಾಗಿ ಉಳಿದಿಲ್ಲ. ಹೋದ ವರ್ಷ ಒಂದು ರಾತ್ರಿ ಒಂಬತ್ತೂವರೆಗೆ ಅವ್ವನ ಫೋನು. ಅಪ್ಪನಿಗೆ ಎದೆನೋವು, ದವಾಖಾನೆಗೆ ಸೇರಿಸಿದ್ದಾರೆ. ಅವ್ವ ಅಳಲಿಲ್ಲ, ಇಷ್ಟೇ ಕೇಳಿದಳು: "ಎಷ್ಟೊತ್ತಿಗೆ ಬಂದ ಮುಟ್ಟತಿ?"

ನನಗೆ ಸಿಗುವ ವಿಮಾನ ಇದ್ದದ್ದು ಮರುದಿನ. ಮೆಟ್ರೋ ಹಿಡಿದು ಮೆಜೆಸ್ಟಿಕ್‌ಗೆ ಓಡಿ, ಹನ್ನೊಂದರ ಸುಮಾರಿನ ರೈಲಿನ ಜನರಲ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ಜಾಗ ಮಾಡಿಕೊಂಡೆ. ಮುಂಜಾನೆ ಏಳಕ್ಕೆ ಹುಬ್ಬಳ್ಳಿ. ಎಂಟರೊಳಗೆ ಅಪ್ಪನ ಮಂಚದ ಪಕ್ಕ ನಿಂತಿದ್ದೆ. ಸ್ಟೆಂಟ್ ಹಾಕುವ ಮೊದಲು ನನ್ನ ಕೈ ಹಿಡಿದು "ಚಾ ಕುಡದೇನು?" ಅಂದರು. ಈಗ ಆರಾಮಿದ್ದಾರೆ.

ಅಂದಿನಿಂದ ಊರಿನ ದೂರವನ್ನು ನಾನು ಅವ್ವನ ಹಾಗೇ ಅಳೆಯುತ್ತೇನೆ. ಎಷ್ಟು ಕಿಲೋಮೀಟರ್, ಹಾರಾಟ ಎಷ್ಟು ತಾಸು ಎಂದಲ್ಲ. ಈಗ ಫೋನ್ ಬಂದರೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು. ರಾತ್ರಿ ರೈಲು, ಬಸ್ಸುಗಳ ವೇಳಾಪಟ್ಟಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಅಪ್ಪ-ಅವ್ವನನ್ನು ಊರಲ್ಲಿ ಬಿಟ್ಟು ಬಂದ ನನ್ನಂಥವರು ನೀವೂ ಆಗಿದ್ದರೆ, ಇವತ್ತೇ ಒಮ್ಮೆ ಈ ಲೆಕ್ಕ ಹಾಕಿಡಿ.