ತುಕ್ಕಿನ ಮೇಲೆ ಪಿಎಚ್‌ಡಿ

ನಮ್ಮ ಹೊಸಬಾಳೆಯ ಮನೆಯಲ್ಲಿ ಸದ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗ್ತಿರೋದು ಅಡಿಕೆ ರೇಟಲ್ಲ, ಮಳೆಯೂ ಅಲ್ಲ. ಚಿಕ್ಕಪ್ಪನ ಮಗ ತುಕ್ಕಿನ ಮೇಲೆ ಪಿಎಚ್‌ಡಿ ಮಾಡೋಕೆ ಹೊರಟಿದ್ದಾನೆ ಅನ್ನೋದು! (ಹೊಸಬಾಳೆ ಎಲ್ಲಿದೆ ಅಂತ ಕೇಳುವವರಿಗೆ: ಸೊರಬ ತಾಲೂಕು. ಅದೂ ಗೊತ್ತಿಲ್ಲ ಅಂದ್ರೆ ಬನವಾಸಿಯ ಆಚೀಚೆ ಅಂದುಕೊಳ್ಳಿ :-))

ಪಾಪ, ಅವನು ಹೇಳಿದ್ದು "ಮೆಟಲ್ ಆಕ್ಸೈಡ್ ಫಿಲ್ಮ್" ಅಂತ. ಜಗಲಿಯಲ್ಲಿ ಕೂತಿದ್ದ ಯಾರೋ "ಕಬ್ಬಿಣದ ಆಕ್ಸೈಡ್ ಅಂದ್ರೆ ತುಕ್ಕಲ್ವನಾ?" ಅಂದರಂತೆ. ಅಲ್ಲಿಂದ ಅವನ ವಿಷಯ ತುಕ್ಕಾಯಿತು. ಶಂಕರಘಟ್ಟದಲ್ಲಿ ಎಂಎಸ್ಸಿ ಫಿಸಿಕ್ಸ್ ಮುಗಿಸಿದ್ದಾನೆ, ಜೆಆರ್‌ಎಫ್ ಪಾಸಾಗಿದ್ದಾನೆ. ಜೊತೆಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಆಫರ್ ಲೆಟರ್ರೂ ಕೈಯಲ್ಲಿದೆ. ಇತ್ತ ಚಿಕ್ಕಪ್ಪನ ತೋಟಕ್ಕೆ ಎರಡು ವರ್ಷದಿಂದ ಕೊಳೆರೋಗ, ಸೊಸೈಟಿ ಸಾಲ ಬೇರೆ. ತಂಗಿ ಈ ವರ್ಷ ಶಿವಮೊಗ್ಗದ ಕಾಲೇಜಿಗೆ ಸೇರಬೇಕು. ಹಾಗಾಗಿ ಚಿಕ್ಕಪ್ಪ ನನಗೆ ಫೋನ್ ಮಾಡಿದ್ದು: "ನೀನಾದ್ರೂ ಹೇಳು ಮಾರಾಯ. ನೀನು ಕೆಲಸಕ್ಕೆ ಸೇರಿ ಒಂದು ದಾರಿಗೆ ಬಂದ್ಯಲ, ಹಂಗೇ ಅವನೂ ಬರ್ಲಿ."

ಹೇಳೋ ಮೊದಲು ಅವನು ಮಾಡಹೊರಟಿರೋದು ಎಂತದು ಅಂತ ತಿಳ್ಕೊಳ್ಳಬೇಕಲ್ಲ? ಅವನ ಪ್ರಾಜೆಕ್ಟ್ ರಿಪೋರ್ಟ್ ತರಿಸಿಕೊಂಡು ಓದಿದೆ. ಎರಡು ರಾತ್ರಿ ನಿದ್ದೆ ಕೆಟ್ಟಿತು. ಹಾಗೇ ಚಿಕ್ಕಪ್ಪನಿಗೆ ಹೇಳುವ ಮಾತೂ ಬದಲಾಯಿತು.

ವಿಷಯ ಇಷ್ಟು. ಒಂದು ಹರಳಿನ ತುಂಡಿನ ಮೇಲೆ ಇನ್ನೊಂದು ಆಕ್ಸೈಡನ್ನು ತೆಳ್ಳಗೆ ಬೆಳೆಸ್ತಾರೆ. ತೆಳ್ಳಗೆ ಅಂದ್ರೆ ಕೆಲವು ನ್ಯಾನೋಮೀಟರ್‌ನಿಂದ ನೂರಿನ್ನೂರು ನ್ಯಾನೋಮೀಟರ್. ನಮ್ಮ ತಲೆಕೂದಲೇ ಸುಮಾರು 80,000 ನ್ಯಾನೋಮೀಟರ್ ದಪ್ಪ ಇರುತ್ತೆ, ಲೆಕ್ಕ ಹಾಕ್ಕೊಳ್ಳಿ. ಕೆಳಗಿನ ಹರಳಿನಲ್ಲಿ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಗದ್ದೆಯಲ್ಲಿ ಹಗ್ಗ ಹಿಡಿದು ನೆಟ್ಟಿ ಮಾಡಿದಾಗ ಸಸಿ ಹಗ್ಗದ ಗುರುತಿಗೇ ಬೀಳುತ್ತಲ್ಲ, ಹಾಗೆ ಮೇಲೆ ಬಂದು ಕೂರುವ ಪರಮಾಣುಗಳೂ ಕೆಳಗಿನ ಸಾಲಿಗೇ ಹೊಂದಿಕೊಂಡು ಕೂರುತ್ತವೆ. ಕೆಳಗಿನ ಸಾಲಿನ ಅಂತರ ಸ್ವಲ್ಪ ಹೆಚ್ಚಿದ್ದರೆ ಮೇಲಿನ ಪದರ ಹಿಗ್ಗಬೇಕು, ಕಡಿಮೆ ಇದ್ದರೆ ಕುಗ್ಗಬೇಕು. ಹಿಗ್ಗೋದು ಕುಗ್ಗೋದು ಎಲ್ಲಾ ಶೇಕಡ ಒಂದೋ ಎರಡೋ, ಅಷ್ಟೇ.

ಅಷ್ಟಕ್ಕೇ ವಸ್ತುವಿನ ಗುಣ ಬದಲಾಗುತ್ತೆ! ಯಾಕೆ ಅಂದ್ರೆ ಇಂಥ ಆಕ್ಸೈಡ್‌ಗಳಲ್ಲಿ ಎಲೆಕ್ಟ್ರಾನ್ ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ಹಾರಿ ಹಾರಿ ಹೋಗಬೇಕು. ಮಳೆಗಾಲದಲ್ಲಿ ಹಳ್ಳ ದಾಟಲು ಕಲ್ಲಿಂದ ಕಲ್ಲಿಗೆ ಹಾರಿದವರಿಗೆ ಇದು ಗೊತ್ತು. ಕಲ್ಲುಗಳ ನಡುವೆ ಒಂದು ಗೇಣು ಹೆಚ್ಚಾದರೆ ಈಚೆಯವರು ಈಚೆಗೇ!

ವನಾಡಿಯಂ ಡೈಆಕ್ಸೈಡ್ ಅಂತ ಒಂದಿದೆ. 68 ಡಿಗ್ರಿ ಸೆಲ್ಸಿಯಸ್ ಒಳಗೆ ಅದು ವಿದ್ಯುತ್ತನ್ನು ಸರಿಯಾಗಿ ಹರಿಯಬಿಡೋದಿಲ್ಲ. ಅದನ್ನು ದಾಟಿದರೆ ಲೋಹದ ಥರ ಆಗಿಬಿಡುತ್ತೆ, ಸಾವಿರಾರು ಪಟ್ಟು ಸಲೀಸು. 2002ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ಬೆಳೆಸಿದರು. ಹರಳನ್ನು ಒಂದು ದಿಕ್ಕಿಗೆ ಕೊಯ್ದಾಗ ವನಾಡಿಯಂ ಸಾಲು ಕುಗ್ಗಿ, ಆ 68 ಡಿಗ್ರಿ ಸುಮಾರು 27ಕ್ಕೆ ಇಳಿಯಿತು. ಅದೇ ಹರಳನ್ನು ಬೇರೆ ದಿಕ್ಕಿಗೆ ಕೊಯ್ದಾಗ ಸಾಲು ಹಿಗ್ಗಿ, ಸುಮಾರು 96ಕ್ಕೆ ಏರಿತು. ಅದೇ ಫಿಲ್ಮು, ಅದೇ ಹರಳು, ಕೊಯ್ದ ಮುಖ ಮಾತ್ರ ಬೇರೆ.

ಇನ್ನೂ ಇದೆ. ಸ್ಟ್ರಾನ್ಷಿಯಂ ಟೈಟನೇಟ್ ಎಷ್ಟೇ ತಣ್ಣಗೆ ಮಾಡಿದರೂ ತಾನಾಗಿ ಫೆರೋಎಲೆಕ್ಟ್ರಿಕ್ ಆಗೋದಿಲ್ಲ. ಶೇಕಡ ಒಂದರಷ್ಟು ಹಿಗ್ಗಿಸಿದರೆ ಕೋಣೆಯ ಬಿಸಿಯಲ್ಲೇ ಆಗುತ್ತೆ ಅಂತ 2004ರಲ್ಲಿ ತೋರಿಸಿದರು. 1998ರಲ್ಲಿ ತಾಮ್ರದ ಒಂದು ಆಕ್ಸೈಡ್ ಫಿಲ್ಮನ್ನು ಒತ್ತಿ ಕೂರಿಸಿ, ಅದು ಸೂಪರ್ ಕಂಡಕ್ಟರ್ ಆಗುವ ತಾಪಮಾನವನ್ನು 25 ಕೆಲ್ವಿನ್‌ನಿಂದ 49ಕ್ಕೆ ಏರಿಸಿದ್ದರು. ಈ ಎಳೆದಾಟ ಆಕ್ಸೈಡ್‌ಗೆ ಮಾತ್ರ ಅಂತಲ್ಲ. 2003ರ ಸುಮಾರಿನಿಂದ ಕಂಪ್ಯೂಟರ್ ಚಿಪ್ಪಿನ ಸಿಲಿಕಾನನ್ನೂ ಹೀಗೇ ಎಳೆದು, ಒತ್ತಿ ವೇಗ ಹೆಚ್ಚಿಸ್ತಾ ಬಂದಿದ್ದಾರೆ. ನಾನು ಸಂಬಳಕ್ಕೆ ಬರೆಯುವ ಕೋಡೂ ಅಂಥ ಚಿಪ್ಪಿನ ಮೇಲೇ ಓಡೋದು.

ಮುಂದಿನ ಶನಿವಾರ ಊರಿಗೆ ಹೋಗಿ ಇಷ್ಟನ್ನೂ ಚಿಕ್ಕಪ್ಪನಿಗೆ ಹೇಳಿದೆ. ಹುಡುಗ ಬಾಗಿಲ ಹತ್ತಿರ ನಿಂತು ಕೇಳ್ತಿದ್ದ. ಬೆಂಗಳೂರಿನಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್ ಆಯಸ್ಸಿನ ಬಹುಪಾಲನ್ನು ಇಂಥ ಆಕ್ಸೈಡ್‌ಗಳಿಗೇ ಕೊಟ್ಟಿದ್ದು, 1976ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದಕ್ಕೇ ಒಂದು ವಿಭಾಗ ಕಟ್ಟಿದ್ದು, 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಶುರುವಾಗಿದ್ದು, ಎಲ್ಲಾ ಹೇಳಿದೆ. "2014ರಲ್ಲಿ ತೆಂಡೂಲ್ಕರ್ ಜೊತೆ ಭಾರತ ರತ್ನ ತಗೊಂಡ್ರಲ, ಅವ್ರಾ?" ಅಂದ ಚಿಕ್ಕಪ್ಪ ಸ್ವಲ್ಪ ನೆಟ್ಟಗೆ ಕೂತರು. ಜೆಆರ್‌ಎಫ್ ಅಂದ್ರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಅಂದಾಗ ಇನ್ನಷ್ಟು ನೆಟ್ಟಗೆ ಕೂತರು :-)

ಆಮೇಲೆ ಅವರು ಕೇಳಿದ್ದು ಬೇರೆಯೇ. "ಅಲ್ಲಾ, ಹಂಗೆ ಎಳೀತಾ ಹೋದ್ರೆ ಅದು ಹರಿಯೂದಿಲ್ವನಾ?"

ಪಿಎಚ್‌ಡಿ ಗೈಡ್ ಕೇಳುವಂಥ ಪ್ರಶ್ನೆ! ಉತ್ತರ ಬಾಗಿಲ ಹತ್ತಿರದಿಂದ ಬಂತು. "ಹರೀತು ಅಪ್ಪಾ. ತೆಳ್ಳಗಿರೋ ತಂಕ ತಡ್ಕಳ್ತು. ಒಂದು ದಪ್ಪ ದಾಟಿದ್ ಮೇಲೆ ಸಾಲು ತಪ್ತು, ಎಳೆತ ಸಡ್ಲ ಆಗಿ ತನ್ನ ಹಳೇ ಅಳತೆಗೇ ವಾಪಸ್ ಹೋಗ್ತು. ಎಷ್ಟರ ತಂಕ ತಡೀತು ಅಂತ ಕಂಡ್ಕಳೂದೇ ನನ್ ಕೆಲ್ಸ."

ಚಿಕ್ಕಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಕವಳ ಹಾಕಿಕೊಂಡರು. "ಈ ಮನೆದು ಎಷ್ಟರ ತಂಕ ಅಂತ ಯಾರ್ ಕಂಡ್ಕಳ್ತ್ರು?" ಅಂದು ಎದ್ದು ಕೊಟ್ಟಿಗೆ ಕಡೆ ಹೋದರು.

ಅದಕ್ಕೆ ಉತ್ತರ ಯಾವ ರಿಪೋರ್ಟಿನಲ್ಲೂ ಇರಲಿಲ್ಲ. ರಾತ್ರಿ ನಾವು ಮೂರು ಜನ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. 37,000ದಲ್ಲಿ ಅವನ ಊಟ-ವಸತಿ ಕಳೆದು ಸೊಸೈಟಿ ಕಂತಿಗೆ ಎಷ್ಟು ಉಳಿಯುತ್ತೆ, ತಂಗಿಯ ಹಾಸ್ಟೆಲ್ಲಿಗೆ ಎಷ್ಟು ಬೇಕು. ಕಂತು ಅವನು ಕಟ್ಟೋದು, ಮೂರು ವರ್ಷ ಅವಳ ಹಾಸ್ಟೆಲ್ ಫೀಸು ನಾನು ಕೊಡೋದು ಅಂತ ಆಯ್ತು. ಅದಕ್ಕೆ ನಾನು ನೋಡಿಟ್ಟಿದ್ದ ಸೈಟಿನ ಆಸೆ ಮೂರು ವರ್ಷ ಮುಂದಕ್ಕೆ ಹೋಯಿತು, ಹೋಗಲಿ. ಚಿಕ್ಕಪ್ಪ ಹೂಂ ಅಂತಲೂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ಆ ಕಾಗದ ಮಡಚಿ ಸೊಸೈಟಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು.

ಹುಡುಗ ಆಗಸ್ಟಿನಲ್ಲಿ ಸೇರ್ತಾನೆ. ಊರಲ್ಲಿ ಅವನೀಗ ಅಧಿಕೃತವಾಗಿ "ತುಕ್ಕಿನ ಡಾಕ್ಟ್ರು". ನಿಮ್ಮೂರಲ್ಲೂ ಇಂಥ ಡಾಕ್ಟ್ರುಗಳಿದ್ದರೆ, ಅವರ ಮನೆಯಲ್ಲಿ ಲೆಕ್ಕ ಹೇಗೆ ಹಾಕಿದರು ಅಂತ ಬರೀರಿ. ನಮಗೆ ಉಪಯೋಗ ಆಗುತ್ತೆ.