ನೀನು, ನೀವು ಮತ್ತು ‘ಯೂ’

ಹೆಸರಿಗೆ ಬದಲಾಗಿ ಬರುವ ಪದವೇ ಸರ್ವನಾಮ. ಈ ವ್ಯಾಖ್ಯೆಯನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಅಫಜಲಪುರ ತಾಲ್ಲೂಕಿನ ಅತನೂರಿನಂಥ ಊರುಗಳ ಮಕ್ಕಳು ಇಂಗ್ಲಿಷ್ ಕಲಿಯಲು ಹೊರಟಾಗ ಮೊದಲು ಎಡವುವುದು ಈ ಪುಟ್ಟ ಪದಗಳಲ್ಲಿಯೇ. ಸಂಜೆ ಹೊತ್ತು ಅಂಥ ಮಕ್ಕಳೊಂದಿಗೆ ಪಠ್ಯಪುಸ್ತಕ ತೆರೆದು ಕುಳಿತಾಗಲೆಲ್ಲ ಒಂದು ಮಾತು ನನಗೆ ಮನವರಿಕೆಯಾಗುತ್ತದೆ: ಅವರ ಎಷ್ಟೋ ತಪ್ಪುಗಳ ಹಿಂದಿರುವುದು ದಡ್ಡತನವಲ್ಲ, ಕನ್ನಡದ ತಿಳಿವಳಿಕೆ.

ತಮ್ಮ ಶಿಕ್ಷಕಿಯ ಕುರಿತು ನಾಲ್ಕು ವಾಕ್ಯ ಬರೆಯಿರಿ ಎಂದರೆ ಮಕ್ಕಳು ಅವರನ್ನು ‘ಶಿ’ ಎನ್ನದೆ ‘ದೇ’ ಎಂದು ಬರೆಯುತ್ತಾರೆ. ಕೆಂಪು ಗೆರೆ ಬೀಳುತ್ತದೆ. ಆದರೆ ಮಗು ಮಾಡಿದ್ದೇನು? ಮನೆಯಲ್ಲಿ ಅವ್ವನನ್ನು ಸಲುಗೆಯಿಂದ ‘ಅಕಿ’ ಎನ್ನುವ ಅದೇ ಮಗು, ಗುರುಗಳನ್ನು ಗೌರವದಿಂದ ‘ಅವರು’ ಎನ್ನಲು ಕಲಿತಿದೆ. ಒಬ್ಬರನ್ನೇ ಗೌರವಕ್ಕಾಗಿ ಬಹುವಚನದಲ್ಲಿ ಕರೆಯುವ ಕನ್ನಡದ ಸಂಸ್ಕಾರವನ್ನು ಇಂಗ್ಲಿಷಿಗೂ ಕೊಂಡೊಯ್ದಿದೆ. ಅದನ್ನು ತಿದ್ದಬೇಕು ನಿಜ, ಗದರಬೇಕಾಗಿಲ್ಲ.

ಇನ್ನೊಂದು ತೊಡಕು ಹೆಸರುಗಳದ್ದು. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಎಂದರೆ ‘ಐ’, ಅಂದರೆ ‘ನಾನು’. ಪ್ರಥಮ ಎಂದರೆ ಫಸ್ಟ್ ಎಂದು ಸರಿಯಾಗಿಯೇ ಬಲ್ಲ ಮಗು ಇಲ್ಲಿ ಗೊಂದಲಕ್ಕೆ ಬೀಳದಿದ್ದರೆ ಆಶ್ಚರ್ಯಪಡಬೇಕು. ಈ ವ್ಯತ್ಯಾಸವನ್ನು ಹೇಳಿಕೊಡಲು ಎರಡು ನಿಮಿಷ ಸಾಕು.

ಕನ್ನಡ ಸರ್ವನಾಮಗಳಲ್ಲಿ ಪುರುಷಾರ್ಥಕ, ಆತ್ಮಾರ್ಥಕ, ಪ್ರಶ್ನಾರ್ಥಕ ಎಂಬ ಮೂರು ಬಗೆಗಳನ್ನು ಶಾಲೆಯಲ್ಲಿ ಕಲಿಸುತ್ತೇವೆ. ಇಂಗ್ಲಿಷ್ ಪುಸ್ತಕಗಳು ಇವುಗಳ ಜೊತೆಗೆ ಒಡೆತನ ಹೇಳುವ ‘ಮೈನ್’, ತೋರಿಸಿ ಹೇಳುವ ‘ದಿಸ್’, ಗೊತ್ತಿಲ್ಲದವರನ್ನು ಸೂಚಿಸುವ ‘ಸಮ್‌ಒನ್’, ಸಂಬಂಧ ಕಲ್ಪಿಸುವ ‘ಹೂ’ ಮುಂತಾದವುಗಳನ್ನು ಬೇರೆ ಬೇರೆ ಬಗೆಗಳಾಗಿ ಎಣಿಸುತ್ತವೆ. ಇವುಗಳಲ್ಲಿ ಕೊನೆಯದು ನಮ್ಮ ಮಕ್ಕಳಿಗೆ ಕಠಿಣ. ‘ನಿನ್ನೆ ಬಂದ ಹುಡುಗ’ ಎಂದು ಮೂರು ಪದಗಳಲ್ಲಿ ಮುಗಿಸುವ ನಮಗೆ ‘ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ’ ಎಂಬುದರ ‘ಹೂ’ ಏಕೆ ಬೇಕೆಂದು ಹೊಳೆಯುವುದಿಲ್ಲ. ‘ಬಂದೆ’ ಎಂದರೆ ಬಂದವನು ನಾನೇ ಎಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ‘ಐ’ ಬಿಡುವಂತಿಲ್ಲ. ಮಳೆ ಬಂದರೂ ‘ಇಟ್’ ಎಂಬ ಕರ್ತೃ ಬೇಕು.

ಹಾಗೆಂದು ಕನ್ನಡ ಬಡವೆಯಲ್ಲ. ‘ರಾಮು ತಾನು ಗೆದ್ದೆನೆಂದು ಸೋಮುವಿಗೆ ಹೇಳಿದ’ ಎಂದರೆ ಗೆದ್ದವನು ರಾಮುವೇ. ಇಂಗ್ಲಿಷಿನ ‘ಹಿ’ ಇಲ್ಲಿ ಇಬ್ಬರಲ್ಲಿ ಯಾರೆಂದು ಖಚಿತವಾಗಿ ಹೇಳಲಾರದು. ಇಂಥ ಸೂಕ್ಷ್ಮಗಳನ್ನು ಅರಿಯಲು ಪರದೇಶದವರೂ ಕನ್ನಡದ ಮುಂದೆ ವಿದ್ಯಾರ್ಥಿಗಳಾಗಿ ಕುಳಿತರು. ವಿಲಿಯಂ ಕೇರಿ 1817ರಲ್ಲಿ, ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ತಾವು ಬಲ್ಲ ಭಾಷೆಯ ಆಸರೆಯಿಂದಲೇ ಅವರು ಅರಿಯದ ಭಾಷೆಯನ್ನು ತಲುಪಿದರು. ನಮ್ಮ ಮಕ್ಕಳಿಗೂ ಅದೇ ದಾರಿ ಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಚಿಂತನೆಗೆ ಹಚ್ಚುವ ಪದ ‘ಯೂ’. ಇಂಗ್ಲಿಷಿನಲ್ಲಿಯೂ ಹಿಂದೆ ‘ನೀನು’ ಎಂಬುದಕ್ಕೆ ‘ದೌ’ ಎಂಬ ಪದವಿತ್ತು. ದೊಡ್ಡವರಿಗೆ ಮಾತ್ರ ‘ಯೂ’. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಸಮಾನರೆಂದು ಸಿರಿವಂತರನ್ನೂ ‘ದೌ’ ಎಂದೇ ಮಾತನಾಡಿಸಿ, ಅವರ ಕೋಪಕ್ಕೆ ಗುರಿಯಾದರು. ಕಾಲಕ್ರಮದಲ್ಲಿ ‘ಯೂ’ ಎಲ್ಲರ ಪದವಾಯಿತು. ನಮ್ಮಲ್ಲಿ ಹೊಲದ ಒಡೆಯನಿಗೆ ‘ನೀವು’, ಅದೇ ಹೊಲದಲ್ಲಿ ತೊಗರಿ ಕೊಯ್ಯುವ ಹಿರಿಯನಿಗೆ ‘ನೀನು’ ಎನ್ನುವ ರೂಢಿ ಇನ್ನೂ ಅಳಿದಿಲ್ಲ. ಸಲುಗೆಯ ‘ನೀನು’ ಬೇರೆ, ತಾತ್ಸಾರದ ‘ನೀನು’ ಬೇರೆ; ಕೇಳುವ ಕಿವಿಗೆ ಅದು ತಟ್ಟನೆ ತಿಳಿಯುತ್ತದೆ. ‘ಯೂ’ ಕಲಿಸುವ ದಿನ ಮಕ್ಕಳಿಗೆ ಈ ವಿವೇಕವನ್ನೂ ಹೇಳಬಹುದು.

ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಆದರೂ 2025ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಕಾರಣಗಳು ಹಲವು. ಸರ್ವನಾಮವೊಂದರಿಂದ ಇದು ನೀಗುವುದಿಲ್ಲ. ಆದರೆ ‘ನನಗೆ ಇಂಗ್ಲಿಷ್ ಬಾರದು’ ಎಂಬ ಅಂಜಿಕೆ ಇಂಥ ಚಿಕ್ಕ ಕೆಂಪು ಗೆರೆಗಳಿಂದಲೇ ಮೊಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ತಂದೆತಾಯಂದಿರೇ, ಇಂಗ್ಲಿಷ್ ಬಾರದೆಂದು ನೀವು ಹಿಂಜರಿಯಬೇಡಿ. ಮಗುವಿನ ಪಕ್ಕದಲ್ಲಿ ಕುಳಿತು, “ಇದನ್ನು ಕನ್ನಡದಾಗ ಹೆಂಗ ಅಂತಾರ?” ಎಂದು ಕೇಳಿರಿ. ಆ ಒಂದು ಪ್ರಶ್ನೆಯಿಂದ, ತನಗೆ ಈಗಾಗಲೇ ಒಂದು ವ್ಯಾಕರಣ ಗೊತ್ತಿದೆ ಎಂಬ ಧೈರ್ಯ ಮಗುವಿಗೆ ಬರುತ್ತದೆ. ಎರಡನೆಯದನ್ನು ಕಲಿಯಲು ಬೇಕಾದ ಬಂಡವಾಳ ಅದೇ.